ಐರ್ಲೆಂಡಿನಲ್ಲಿ ಮೊದಲ ಮನೆ: ಕಟ್ಟಿದ ತೆರಿಗೆಯನ್ನು ಮುಂಗಡಕ್ಕೆ ಹೊಂದಿಸುವ ಬಗೆ

ಐರ್ಲೆಂಡಿನಲ್ಲಿ ಹೊಸ ಮನೆ ಕೊಳ್ಳುವವರಿಗೆ ಸರ್ಕಾರ ‘ಹೆಲ್ಪ್ ಟು ಬೈ’ ಎಂಬ ಯೋಜನೆ ಇಟ್ಟಿದೆ. 2016ರ ಜುಲೈ 19ರಿಂದ ಜಾರಿಯಲ್ಲಿರುವ ಈ ಯೋಜನೆಯನ್ನು 2025ರ ಬಜೆಟ್‌ನಲ್ಲಿ 2029ರ ಕೊನೆಯವರೆಗೆ ವಿಸ್ತರಿಸಲಾಯಿತು. ಇದನ್ನು ಸಬ್ಸಿಡಿ ಎಂದು ತಿಳಿದು ಬರುವವರೇ ಹೆಚ್ಚು. ಆದರೆ ಇದು ನೀವೇ ಕಟ್ಟಿದ ಆದಾಯ ತೆರಿಗೆಯ ವಾಪಸಾತಿ. ಕಟ್ಟದ ತೆರಿಗೆ ಹಿಂದಿರುಗುವುದಿಲ್ಲ, ಆದ್ದರಿಂದ ಭಾರತದಿಂದ ಇಲ್ಲಿಗೆ ಬಂದ ಹೊಸತರಲ್ಲಿ ಇದರಿಂದ ಸಿಗುವುದು ಕಡಿಮೆ.

ಮೂರು ಮೊತ್ತಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಸಿಗುತ್ತದೆ: 30,000 ಯೂರೋ, ಮನೆ ಬೆಲೆಯ ಶೇ 10, ಅಥವಾ ಅರ್ಜಿ ಹಾಕುವ ವರ್ಷಕ್ಕೆ ಹಿಂದಿನ ನಾಲ್ಕು ತೆರಿಗೆ ವರ್ಷಗಳಲ್ಲಿ ನೀವು ಕಟ್ಟಿದ ಆದಾಯ ತೆರಿಗೆ ಮತ್ತು ಬ್ಯಾಂಕ್ ಠೇವಣಿ ಬಡ್ಡಿಯ ಮೇಲೆ ಮುರಿದುಕೊಂಡ ‘ಡರ್ಟ್’ ತೆರಿಗೆ. ಸಂಬಳದ ಚೀಟಿಯಲ್ಲಿ ಕಾಣುವ ಯುಎಸ್‌ಸಿ (ಆದಾಯದ ಮೇಲಿನ ಇನ್ನೊಂದು ತೆರಿಗೆ) ಮತ್ತು ಪಿಆರ್‌ಎಸ್‌ಐ (ಸಾಮಾಜಿಕ ವಿಮೆಯ ವಂತಿಗೆ) ಲೆಕ್ಕಕ್ಕಿಲ್ಲ. 30,000 ಎನ್ನುವುದು ಇಡೀ ಮನೆಗೆ ಒಂದೇ ಮಿತಿ. ಗಂಡ ಹೆಂಡತಿ ಸೇರಿ ಕೊಂಡರೂ ಅದು 60,000 ಆಗದು.

ಯಾರಿಗೆ, ಯಾವ ಮನೆಗೆ

ಮನೆ ಹೊಸದಾಗಿರಬೇಕು, ಅಥವಾ ನೀವೇ ಕಟ್ಟಿಸಿದ್ದಾಗಿರಬೇಕು. ಯಾರೋ ವಾಸವಿದ್ದ ಮನೆ ಎಷ್ಟೇ ಚೆನ್ನಾಗಿದ್ದರೂ ಇದರಡಿ ಬರುವುದಿಲ್ಲ. ಬೆಲೆ 5,00,000 ಯೂರೋ ದಾಟಬಾರದು. ದಾಟಿದರೆ ಅಷ್ಟಕ್ಕೆ ಮಾತ್ರ ಕಡಿತವಾಗುವುದಲ್ಲ, ಪೂರ್ತಿ ಹೋಗುತ್ತದೆ. 4,95,000ದ ಮನೆಗೆ ನೆಲಹಾಸು, ಅಡುಗೆಮನೆಯ ಮೇಲ್ದರ್ಜೆ ಎಂದು ಸೇರಿಸುತ್ತಾ ಹೋಗುವ ಮುನ್ನ ಅದು ಕರಾರು ಪತ್ರದ ಬೆಲೆಗೆ ಸೇರುತ್ತದೆಯೇ ಎಂದು ಸಾಲಿಸಿಟರ್ (ಖರೀದಿಯ ಕಾಗದಪತ್ರ ನೋಡುವ ವಕೀಲರು) ಹತ್ತಿರ ಕೇಳಿ. ಬಿಲ್ಡರ್ ಕೂಡ ರೆವೆನ್ಯೂ (ಇಲ್ಲಿಯ ತೆರಿಗೆ ಇಲಾಖೆ) ಪಟ್ಟಿಯಲ್ಲಿ ನೋಂದಾಯಿತ ಗುತ್ತಿಗೆದಾರನಾಗಿರಬೇಕು. ಆ ಪಟ್ಟಿ ರೆವೆನ್ಯೂ ಜಾಲತಾಣದಲ್ಲಿದೆ. ಬುಕಿಂಗ್ ಹಣ ಕೊಡುವ ಮುಂಚೆಯೇ ನೋಡಿಕೊಳ್ಳಿ.

ಕನ್ನಡ ಕುಟುಂಬಗಳು ಹೆಚ್ಚು ಎಡವುವುದು ‘ಮೊದಲ ಬಾರಿ ಕೊಳ್ಳುವವರು’ ಎಂಬ ಷರತ್ತಿನಲ್ಲಿ. ಐರ್ಲೆಂಡಿನಲ್ಲಿ ಮೊದಲ ಮನೆಯಾದರೆ ಸಾಲದು. ಜಗತ್ತಿನ ಯಾವ ಮೂಲೆಯಲ್ಲೂ, ಒಬ್ಬರೇ ಆಗಲಿ ಜಂಟಿಯಾಗಲಿ, ಮನೆ ಅಥವಾ ಫ್ಲಾಟ್ ಕೊಂಡಿರಬಾರದು, ಕಟ್ಟಿಸಿರಬಾರದು. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಸಾಲ ಮಾಡಿ ಕೊಂಡ ಫ್ಲಾಟ್‌ನಲ್ಲಿ ಎರಡನೇ ಹೆಸರು ನಿಮ್ಮದಾಗಿದ್ದರೂ, ಅದನ್ನು ಆಮೇಲೆ ಮಾರಿದ್ದರೂ, ಅರ್ಹತೆ ಹೋಯಿತು. ತಂದೆಯಿಂದ ಪಿತ್ರಾರ್ಜಿತವಾಗಿ ಬಂದ ಅಥವಾ ದಾನಪತ್ರದಿಂದ ಸಿಕ್ಕ ಮನೆ ಮಾತ್ರ ಅಡ್ಡಿಯಲ್ಲ. ಖಾಲಿ ಸೈಟು ಮನೆಯಲ್ಲ; ಆದರೆ ಅದರ ಮೇಲೆ ಒಂದು ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದರೆ ಕಟ್ಟಿಸಿದಂತೆಯೇ. ವಿಚ್ಛೇದನದ ನಂತರ ಹೊಸದಾಗಿ ಶುರುಮಾಡುವವರಿಗೆ ಇತರ ಕೆಲವು ಗೃಹ ಯೋಜನೆಗಳಲ್ಲಿ ಇರುವ ವಿನಾಯಿತಿ ಇಲ್ಲಿಲ್ಲ.

ಈ ಷರತ್ತು ಖರೀದಿಯಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ಅನ್ವಯ. ಗಂಡನ ಹೆಸರಲ್ಲಿ ಮೈಸೂರಿನಲ್ಲಿ ಫ್ಲಾಟ್ ಇದೆ, ಹೆಂಡತಿಗೆ ಇಲ್ಲ ಎಂದಾದರೆ, ಜಂಟಿ ಖರೀದಿಗೆ ಬಾಗಿಲು ಮುಚ್ಚಿತು. ಹೆಂಡತಿಯೊಬ್ಬರೇ ಕೊಂಡರೆ ಏನಾದೀತು ಎನ್ನುವುದನ್ನು ಸಾಲಿಸಿಟರ್ ಜೊತೆ ಚರ್ಚಿಸಬಹುದು. ಆಗ ಸಾಲವೂ ಅವರೊಬ್ಬರ ಸಂಬಳದ ಮೇಲೆಯೇ ನಿಲ್ಲಬೇಕಾಗುತ್ತದೆ, ನೆನಪಿರಲಿ. ‘ಇಂಡಿಯಾದ್ದು ಇಲ್ಲಿ ಯಾರಿಗೆ ಗೊತ್ತಾಗುತ್ತದೆ’ ಎಂಬ ಸಲಹೆ ಸಿಕ್ಕರೆ ಕಿವಿಗೆ ಹಾಕಿಕೊಳ್ಳಬೇಡಿ. ಅರ್ಜಿಯಲ್ಲಿ ಘೋಷಣೆ ಮಾಡುವವರು ನೀವು, ಸಲಹೆ ಕೊಟ್ಟವರಲ್ಲ.

ನಾಲ್ಕು ವರ್ಷದ ಲೆಕ್ಕ

ಅರ್ಜಿ ಹಾಕುವ ವರ್ಷ ಲೆಕ್ಕಕ್ಕೆ ಬರುವುದಿಲ್ಲ. 2026ರಲ್ಲಿ ಅರ್ಜಿ ಹಾಕಿದರೆ 2022, 2023, 2024, 2025. ಇಲ್ಲಿ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ನಮ್ಮಲ್ಲಿಯ ಏಪ್ರಿಲ್–ಮಾರ್ಚ್ ಲೆಕ್ಕ ಮರೆಯಿರಿ. ಇದರ ಅರ್ಥ, ಡಿಸೆಂಬರ್‌ನಲ್ಲಿ ಹಾಕಿದ ಅರ್ಜಿಗೂ ಕೆಲವೇ ವಾರ ತಡೆದು ಜನವರಿಯಲ್ಲಿ ಹಾಕಿದ ಅರ್ಜಿಗೂ ಪೂರ್ತಿ ಒಂದು ವರ್ಷದ ತೆರಿಗೆಯಷ್ಟು ವ್ಯತ್ಯಾಸ. ಬಂದು ಎರಡು ಮೂರು ವರ್ಷವಾದವರಿಗೆ ಇದು ಸಾವಿರಾರು ಯೂರೋ ಮಾತು.

70,000 ಯೂರೋ ಸಂಬಳದ, ಒಂಟಿಯಾಗಿರುವ ಉದ್ಯೋಗಿಯನ್ನು ತೆಗೆದುಕೊಳ್ಳಿ. 2024ರಲ್ಲಿ ಮೊದಲ 42,000ಕ್ಕೆ ಶೇ 20, ಉಳಿದದ್ದಕ್ಕೆ ಶೇ 40. ಅದರಲ್ಲಿ 3,750 ಟ್ಯಾಕ್ಸ್ ಕ್ರೆಡಿಟ್ (ತೆರಿಗೆಯಲ್ಲೇ ನೇರ ಕಳೆಯುವ ರಿಯಾಯಿತಿ) ಕಳೆದರೆ ಕಟ್ಟಿದ್ದು 15,850. 2025ರಲ್ಲಿ ಶೇ 20ರ ಮಿತಿ 44,000ಕ್ಕೆ, ಕ್ರೆಡಿಟ್ 4,000ಕ್ಕೆ ಏರಿತು, ತೆರಿಗೆ 15,200. ಒಟ್ಟು 31,050. ಎಂದರೆ 2024ರ ಜನವರಿಯಲ್ಲಿ ಬಂದವರು 2026ರಲ್ಲೇ ಗರಿಷ್ಠ ಮೊತ್ತ ಮುಟ್ಟಬಹುದು.

ಅದೇ 70,000 ಒಬ್ಬರದೇ ದುಡಿಮೆ, ಮನೆಯಲ್ಲಿ ಮಗು ನೋಡಿಕೊಳ್ಳುವ ಸಂಗಾತಿ ಎಂದಾದರೆ ಚಿತ್ರ ಬೇರೆ. ವಿವಾಹಿತರಿಗೆ ಶೇ 20ರ ಮಿತಿಯೂ ಕ್ರೆಡಿಟ್ಟೂ ಹೆಚ್ಚು, ಅದರ ಮೇಲೆ ಹೋಮ್ ಕೇರರ್ ಕ್ರೆಡಿಟ್. 2024ರಲ್ಲಿ ಕಟ್ಟಿದ್ದು 10,375, 2025ರಲ್ಲಿ 9,450. ಬಾಡಿಗೆ ಮನೆಯ ಕ್ರೆಡಿಟ್ ದಂಪತಿಗೆ ವರ್ಷಕ್ಕೆ 2,000ದಂತೆ ಪಡೆದಿದ್ದರೆ ಎರಡೂ ವರ್ಷ ಸೇರಿ ಉಳಿಯುವುದು 15,825. ಈ ಕುಟುಂಬಕ್ಕೆ 30,000 ಮುಟ್ಟಲು ನಾಲ್ಕೂ ವರ್ಷ ಬೇಕಾಗುತ್ತದೆ. ಹಾಗೆಂದು ಕ್ರೆಡಿಟ್ ಕೇಳದೆ ಬಿಡಬೇಡಿ. ಕ್ರೆಡಿಟ್ ಹಣ ಕೈಗೇ ಬರುತ್ತದೆ, ಮನೆ ಕೊಂಡರೂ ಕೊಳ್ಳದಿದ್ದರೂ ನಿಮ್ಮದೇ. ಹೆಲ್ಪ್ ಟು ಬೈ ಹಣ ಮನೆ ಕೊಂಡರೆ ಮಾತ್ರ.

ವರ್ಷದ ನಡುವೆ ಬಂದವರ ಮೊದಲ ವರ್ಷದ ತೆರಿಗೆ ಅಷ್ಟಕ್ಕಷ್ಟೆ. ಅದನ್ನು ಪೂರ್ತಿ ವರ್ಷವೆಂದು ಎಣಿಸಿ ಬಜೆಟ್ ಹಾಕಬೇಡಿ.

ಅರ್ಜಿಗೆ ಮುಂಚೆ

ಸಂಬಳದಾರರು ಯಾವ ಯಾವ ವರ್ಷದ ತೆರಿಗೆ ಕೇಳುತ್ತಾರೋ ಆ ಎಲ್ಲ ವರ್ಷಕ್ಕೂ ರೆವೆನ್ಯೂದ ಆನ್‌ಲೈನ್ ಸೇವೆ ಮೈಅಕೌಂಟ್‌ನಲ್ಲಿ ರಿಟರ್ನ್ (ಫಾರ್ಮ್ 12) ಸಲ್ಲಿಸಿರಬೇಕು, ಬಾಕಿ ಇದ್ದರೆ ತೀರಿಸಿರಬೇಕು. ಸಂಬಳದಲ್ಲೇ ತೆರಿಗೆ ಮುರಿದುಕೊಳ್ಳುತ್ತಾರೆ, ರಿಟರ್ನ್ ಏಕೆ ಎಂದು ಬಿಟ್ಟವರಿಗೆ ಇಲ್ಲಿ ತಡೆ ಬೀಳುತ್ತದೆ. ಸ್ವಂತ ವ್ಯವಹಾರದವರು ಆರ್‌ಒಎಸ್ (ರೆವೆನ್ಯೂದ ಇನ್ನೊಂದು ಆನ್‌ಲೈನ್ ಸೇವೆ) ಮೂಲಕ ಹೋಗಬೇಕು, ತೆರಿಗೆ ಬಾಕಿಯಿಲ್ಲವೆಂಬ ಟ್ಯಾಕ್ಸ್ ಕ್ಲಿಯರೆನ್ಸ್ ಬೇಕು.

ಊರಿನ ಬಾಡಿಗೆ ಮತ್ತು ಎಫ್‌ಡಿ ಬಡ್ಡಿಯ ವಿಷಯವನ್ನು ಈ ಹಂತದಲ್ಲೇ ಸರಿಮಾಡಿಕೊಳ್ಳಿ. ಐರ್ಲೆಂಡಿನಲ್ಲಿ ನೆಲೆಸಿದ್ದರೂ ಇಲ್ಲಿಯ ಡೊಮಿಸೈಲ್ (ಕಾನೂನಿನ ಕಣ್ಣಿನಲ್ಲಿ ಶಾಶ್ವತ ತಾಯ್ನೆಲ) ಇಲ್ಲದವರಿಗೆ ಹೊರದೇಶದ ಆದಾಯದಲ್ಲಿ ಇಲ್ಲಿಗೆ ತಂದ ಭಾಗಕ್ಕೆ ಮಾತ್ರ ತೆರಿಗೆ. ಮನೆ ಮುಂಗಡಕ್ಕೆಂದು ಊರಿನ ಖಾತೆಯಿಂದ ಹಣ ತರಿಸಿದಾಗ ಅದರಲ್ಲಿ ಇಲ್ಲಿಗೆ ಬಂದ ನಂತರದ ಬಾಡಿಗೆ, ಬಡ್ಡಿ ಬೆರೆತಿದ್ದರೆ ಪ್ರಶ್ನೆ ಏಳುತ್ತದೆ. ಬರುವ ಮೊದಲಿನ ಉಳಿತಾಯವನ್ನು ಬೇರೆ ಖಾತೆಯಲ್ಲಿ ಮುಟ್ಟದೆ ಇಟ್ಟವರಿಗೆ ಈ ತಲೆನೋವಿಲ್ಲ. ಹಣ ಈಗಾಗಲೇ ಬೆರೆತಿದ್ದರೆ ಕಳಿಸುವ ಮೊದಲು ಅಕೌಂಟೆಂಟ್ ನೋಡಿ. ಎನ್‌ಆರ್‌ಒ ಖಾತೆಯಿಂದ (ಅನಿವಾಸಿ ಭಾರತೀಯರ ಊರಿನ ಆದಾಯ ಇಡುವ ಖಾತೆ) ಕಳಿಸಲು ಊರಿನ ಸಿಎ ಪ್ರಮಾಣಪತ್ರವೂ ಬೇಕಾಗಬಹುದು. ಆ ಸಮಯ ಲೆಕ್ಕದಲ್ಲಿರಲಿ.

ಅಪ್ಪ ಅಮ್ಮ ಕೊಡುವ ಹಣಕ್ಕೆ ಇಲ್ಲಿಯ ದಾನ ತೆರಿಗೆಯ ಮಿತಿ ಜೀವಮಾನಕ್ಕೆ 4,00,000 ಯೂರೋ. ಮಾವ ಅಳಿಯನಿಗೆ ಕೊಟ್ಟರೆ ಮಿತಿ 20,000ಕ್ಕೆ ಇಳಿಯುತ್ತದೆ. ಆದ್ದರಿಂದ ಮಾವನವರು ಕೊಡುವುದಾದರೆ ಮಗಳ ಖಾತೆಗೇ ಕೊಡಲಿ. ಬ್ಯಾಂಕು ಹೇಗೂ ಹಣದ ಮೂಲ ಕೇಳುತ್ತದೆ, ದಾನಪತ್ರ ಸಿದ್ಧವಿರಲಿ.

ಬ್ಯಾಂಕ್ ಸಾಲ ಮತ್ತು ಶೇ 70ರ ನಿಯಮ

ಸೆಂಟ್ರಲ್ ಬ್ಯಾಂಕ್ ನಿಯಮದಂತೆ ಮೊದಲ ಬಾರಿ ಕೊಳ್ಳುವವರಿಗೆ ಸಾಮಾನ್ಯವಾಗಿ ವಾರ್ಷಿಕ ಒಟ್ಟು ಆದಾಯದ ನಾಲ್ಕು ಪಟ್ಟು ಸಾಲ, ಬೆಲೆಯ ಶೇ 90ರವರೆಗೆ. ಹೆಲ್ಪ್ ಟು ಬೈ ಇನ್ನೊಂದು ಗೆರೆ ಎಳೆಯುತ್ತದೆ: ಸಾಲ ಬೆಲೆಯ ಶೇ 70ಕ್ಕಿಂತ ಕಡಿಮೆ ಇರಬಾರದು. ಊರಿನ ಆಸ್ತಿ ಮಾರಿ ದೊಡ್ಡ ಮೊತ್ತ ತಂದು, ಸಾಲ ಕಡಿಮೆ ಮಾಡೋಣ ಎಂದು ಶೇ 60ಕ್ಕೆ ಇಳಿಸಿದವರು 30,000 ಕಳೆದುಕೊಳ್ಳುತ್ತಾರೆ. ಹಣವಿದ್ದರೂ ಶೇ 70 ಸಾಲ ಪಡೆಯಿರಿ, ಆಮೇಲೆ ಬೇಗ ತೀರಿಸಿ. ಆಗ ವೇರಿಯಬಲ್ ಬಡ್ಡಿ ದರ ಅನುಕೂಲ; ಫಿಕ್ಸೆಡ್ ದರವಾದರೆ ಅವಧಿಗೆ ಮುಂಚೆ ತೀರಿಸಿದ್ದಕ್ಕೆ ದಂಡ ಬೀಳಬಹುದು.

3,80,000ದ ಮನೆಗೆ ಶೇ 90 ಸಾಲ 3,42,000. ಇದಕ್ಕೆ ಆದಾಯ 85,500 ಬೇಕು. ಉಳಿದ 38,000ದಲ್ಲಿ 30,000 ಹೆಲ್ಪ್ ಟು ಬೈ, ಕೈಯಿಂದ 8,000. ಇಷ್ಟಕ್ಕೇ ಮುಗಿಯಲಿಲ್ಲ. ವ್ಯಾಟ್ ಶೇ 13.5 ಇರುವ ಮನೆಯಾದರೆ ಅದನ್ನು ಬಿಟ್ಟ ಬೆಲೆಯ ಮೇಲೆ ಶೇ 1 ಸ್ಟಾಂಪ್ ಡ್ಯೂಟಿ, ಇಲ್ಲಿ ಸುಮಾರು 3,350. ಜೊತೆಗೆ ಸಾಲಿಸಿಟರ್ ಶುಲ್ಕ, ಮೌಲ್ಯಮಾಪನ, ವಿಮೆ. ಇವಕ್ಕೆ ಹೆಲ್ಪ್ ಟು ಬೈ ಹಣ ಬಳಸಲಾಗದು.

ಸಾಲ ಸಾಲದಿದ್ದರೆ ಸರ್ಕಾರ ಮತ್ತು ಬ್ಯಾಂಕುಗಳು ಸೇರಿ ನಡೆಸುವ ‘ಫಸ್ಟ್ ಹೋಮ್ ಸ್ಕೀಮ್’ ಮನೆಯ ಒಡೆತನದಲ್ಲಿ ಬೆಲೆಯ ಶೇ 30ರವರೆಗೆ ಪಾಲು ಹಾಕುತ್ತದೆ, ಹೆಲ್ಪ್ ಟು ಬೈ ಜೊತೆಗಾದರೆ ಶೇ 20ರವರೆಗೆ. 70,000 ಸಂಬಳಕ್ಕೆ 2,80,000 ಸಾಲ, 80,000 ಪಾಲು, 30,000 ವಾಪಸ್ ತೆರಿಗೆ, 10,000 ಸ್ವಂತ ಹಣ ಸೇರಿ 4,00,000ದ ಮನೆ ಸಾಧ್ಯ, ಆ ಪ್ರದೇಶದ ಬೆಲೆ ಮಿತಿಯೊಳಗಿದ್ದರೆ. ಆ ಪಾಲಿಗೆ ಆರನೇ ವರ್ಷದಿಂದ ಶೇ 1.75 ಸೇವಾ ಶುಲ್ಕವಿದೆ, ಮುಂದೆ ಏರುತ್ತದೆ. ಮನೆ ಬೆಲೆ ಏರಿದರೆ ಅವರ ಪಾಲಿನ ಬೆಲೆಯೂ ಏರುತ್ತದೆ. ನಿಜವಾಗಿ ಬೇಕಿದ್ದರೆ ಮಾತ್ರ ತೆಗೆದುಕೊಳ್ಳಿ.

ಅರ್ಜಿ, ಕ್ಲೇಮ್, ಪರಿಶೀಲನೆ

ಮೊದಲು ಮೈಅಕೌಂಟ್‌ನಲ್ಲಿ ಅರ್ಜಿ. ಒಪ್ಪಿಗೆಯಾದರೆ ಅರ್ಜಿ ಸಂಖ್ಯೆ, ಆಕ್ಸೆಸ್ ಕೋಡ್, ಎಷ್ಟು ಸಿಗಬಹುದು ಎಂಬ ಸಾರಾಂಶ ಸಿಗುತ್ತದೆ. ಬ್ಯಾಂಕಿಗೂ ಬಿಲ್ಡರ್‌ಗೂ ಇದನ್ನೇ ತೋರಿಸುವುದು. ಈ ಒಪ್ಪಿಗೆಗೆ ಅವಧಿಯಿದೆ. ಮುಗಿದರೆ ಮತ್ತೆ ಅರ್ಜಿ ಹಾಕಬೇಕು, ಆಗ ನಾಲ್ಕು ವರ್ಷದ ಕಿಟಕಿಯೂ ಮುಂದೆ ಸರಿದಿರುತ್ತದೆ. ಹೊಸಬರಿಗೆ ಅದು ಲಾಭವೇ. ಹಳೆಯ ವರ್ಷಗಳಲ್ಲಿ ಹೆಚ್ಚು ತೆರಿಗೆ ಕಟ್ಟಿ ಈಚೆಗೆ ಕೆಲಸ ಬಿಟ್ಟವರಿಗೆ ನಷ್ಟ.

ಕರಾರಿಗೆ ಸಹಿ ಬಿದ್ದು, ಬ್ಯಾಂಕಿನ ಅಂತಿಮ ಲೋನ್ ಆಫರ್ ಕೈಸೇರಿದ ಮೇಲೆ ಎರಡನೇ ಹಂತ, ಕ್ಲೇಮ್. ಸಹಿಯಾದ ಕರಾರು, ಲೋನ್ ಆಫರ್ ಅಪ್‌ಲೋಡ್ ಮಾಡಿ ಬೆಲೆ, ಸಾಲ, ಕೊಟ್ಟ ಮುಂಗಡ ನಮೂದಿಸಬೇಕು. ತಾತ್ವಿಕ ಒಪ್ಪಿಗೆ ಪತ್ರ ಇಲ್ಲಿ ಸಾಲದು. ಹೆಸರಿನ ಗೊಂದಲ ಈ ಹಂತದಲ್ಲಿ ಕಾಡುತ್ತದೆ: ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರೇ ಸರ್‌ನೇಮ್, ಪಿಪಿಎಸ್ (ಇಲ್ಲಿಯ ವೈಯಕ್ತಿಕ ಗುರುತಿನ ಸಂಖ್ಯೆ) ದಾಖಲೆಯಲ್ಲಿ ಇನಿಷಿಯಲ್, ಕರಾರಿನಲ್ಲಿ ಊರಿನ ಹೆಸರು. ಮೂರನ್ನೂ ಮೊದಲೇ ಒಂದೇ ರೀತಿ ಮಾಡಿಸಿ.

ಮೂರನೆಯದು ಬಿಲ್ಡರ್ ಮಾಡುವ ಪರಿಶೀಲನೆ. ಅದಾದ ಮೇಲೆ ಹಣ ನೇರ ಬಿಲ್ಡರ್‌ಗೇ ಹೋಗುತ್ತದೆ, ನಿಮ್ಮ ಖಾತೆಗಲ್ಲ. ಮುಂಗಡದಲ್ಲಿ ಅಷ್ಟು ಕಳೆದು ಉಳಿದದ್ದನ್ನು ನೀವು ಕೊಡುತ್ತೀರಿ. ಸ್ವಂತ ಕಟ್ಟಿಸುವವರ ಪರಿಶೀಲನೆ ಸಾಲಿಸಿಟರ್ ಕೆಲಸ, ಸಾಲದ ಮೊದಲ ಕಂತು ಬಿಡುಗಡೆಯಾದ ಮೇಲೆಯೇ ಕ್ಲೇಮ್, ಹಣ ಸಾಲದ ಖಾತೆಗೆ.

ಐದು ವರ್ಷ

ಈ ಮನೆಯಲ್ಲಿ ಐದು ವರ್ಷ ನೀವೇ ವಾಸವಿರಬೇಕು. ಊರಿಗೆ ಮರಳುವ ಅಥವಾ ಬೇರೆ ದೇಶಕ್ಕೆ ಹೋಗುವ ಯೋಚನೆ ಇದ್ದವರು ಇದನ್ನು ಮೊದಲೇ ತೂಗಿ ನೋಡಬೇಕು. ಮೊದಲ ವರ್ಷದಲ್ಲೇ ಮನೆ ಬಿಟ್ಟರೆ ಪೂರ್ತಿ ಹಿಂದಿರುಗಿಸಬೇಕು, ಎರಡನೇ ವರ್ಷ ಶೇ 80, ಮೂರನೇ ವರ್ಷ 60, ನಾಲ್ಕನೇ ವರ್ಷ 40, ಐದನೇ ವರ್ಷ 20. 30,000 ಪಡೆದವರು ಮೂರನೇ ವರ್ಷದಲ್ಲಿ ಬೆಂಗಳೂರಿಗೆ ಹೊರಟು ಮನೆ ಬಾಡಿಗೆಗೆ ಕೊಟ್ಟರೆ 18,000 ಯೂರೋ ಕಟ್ಟಬೇಕು. ಐದು ವರ್ಷದ ಎಣಿಕೆ ಕರಾರಿನ ದಿನದಿಂದಲ್ಲ, ವಾಸಕ್ಕೆ ಹೋದ ದಿನದಿಂದ. ಆ ದಿನಾಂಕದ ವಿದ್ಯುತ್ ಬಿಲ್ಲೋ ವಿಮೆಯ ಪತ್ರವೋ ಜೋಪಾನವಾಗಿ ಎತ್ತಿಡಿ.