ಕೋಚ್ ಸಿಟ್ಟು ಇಳಿಸಲು ಒಂದು ಮೆಲುಮಾತು: ನನ್ನ ಅನುಭವ

"ರೆಫರಿ ನಕ್ಕರೆ ಸೀಟಿಗೆ ಬೆಲೆ ಇರಲ್ಲ" ಅಂತ ನಮ್ಮ ಬ್ಯಾಸ್ಕೆಟ್‌ಬಾಲ್ ರೆಫರಿಗಳಲ್ಲಿ ಹಿರಿಯರು ಹೇಳುತ್ತಲೇ ಬಂದರು. ನಾನು ತಮಾಷೆ ಬಿಡಲಿಲ್ಲ. ಮೊದಲೆಲ್ಲ ಸೀಸನ್‌ಗೆ 40 ಮ್ಯಾಚ್ ಊದಿದರೆ ಕೋಚ್‌ಗಳಿಗೇ 15 ಟೆಕ್ನಿಕಲ್ (ನಡವಳಿಕೆ ಕೆಟ್ಟರೆ ಕೊಡುವ ಫೌಲ್) ಆಗುತ್ತಿತ್ತು. ಕಳೆದ ಎರಡು ಸೀಸನ್ ಸೇರಿಸಿದರೂ ಮೂರೋ ನಾಲ್ಕೋ, ಅಷ್ಟೇ.

ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಭದ್ರಾವತಿಯಲ್ಲಿ ಚಾರ್ಜಿಂಗ್ (ಬಾಲ್ ಹಿಡಿದವನು ಎದುರಾಳಿಗೆ ಡಿಕ್ಕಿ ಹೊಡೆಯುವ ಫೌಲ್) ಕೊಟ್ಟಿದ್ದಕ್ಕೆ ಕೋಚ್ ಕೂಗಾಡಿದರು. "ಸಾರ್, ಸೀಟಿ ನೀವೇ ಹಿಡ್ಕೊಳ್ಳಿ, ನಾನು ನಿಮ್ಮ ಬೆಂಚಲ್ಲಿ ಕೂರ್ತೀನಿ" ಅಂದೆ, ಜೋರಾಗಿ. ಜನ ಹೋ ಅಂತ ನಕ್ಕರು. ಅವರ ಹುಡುಗರೂ ನಕ್ಕರು. ಅವರು ಟವೆಲ್ ಎತ್ತಿ ಅಂಕಣದೊಳಗೆ ಎಸೆದರು. ಟೆಕ್ನಿಕಲ್ ಕೊಡಲೇಬೇಕಾಯಿತು. ಅದಕ್ಕೆ ಎದುರಾಳಿಗೆ ಸಿಕ್ಕ ಒಂದು ಫ್ರೀ ಥ್ರೋ ಬುಟ್ಟಿಗೆ ಬಿತ್ತು, ಅವರು ಸೋತಿದ್ದೂ ಒಂದೇ ಪಾಯಿಂಟಿಗೆ. ಮುಂದಿನ ವರ್ಷ ಆ ಟೂರ್ನಮೆಂಟಿಗೆ ನನ್ನನ್ನು ಕರೆಯಲಿಲ್ಲ. ಸುದ್ದಿ ಕೇಳಿ ಇನ್ನೆರಡು ಕಡೆಯವರೂ ಕೈಬಿಟ್ಟರು. ದಿನಕ್ಕೆ 500 ರೂಪಾಯಿ ಅಂದರೂ ಐದಾರು ಸಾವಿರ ಹೋಯಿತು.

ಅವರ ಹುಡುಗರ ಎದುರೇ ಅವರ ಮರ್ಯಾದೆ ತೆಗೆದಿದ್ದೆ, ಅಲ್ವಾ? ಆಮೇಲಿಂದ ಬಾಲ್ ಡೆಡ್ ಆಗುವವರೆಗೆ, ಅಂದರೆ ಆಟ ನಿಲ್ಲುವವರೆಗೆ, ಬಾಯಿ ಬಿಡಲಿಲ್ಲ. ಮಾತು ಕೋಚ್ ಒಬ್ಬರ ಕಿವಿಗೆ ಮಾತ್ರ. ಅದೂ ಅವರ ಮಾತಿನ ತುದಿಯನ್ನೇ ಹಿಡಿದು.

ಸಾಗರದಲ್ಲಿ ಕೊನೆಯ ಕ್ವಾರ್ಟರ್. ಜಿನುಗು ಮಳೆ, ಸಿಮೆಂಟ್ ಅಂಕಣ. "ಏನ್ ಸಾರ್, ಮೂರು ಸೆಕೆಂಡ್ ನೋಡಲ್ವಾ? ಪೇಂಟಲ್ಲಿ ನಿಂತು ಬೇರು ಬಿಟ್ಟಿದ್ದಾನೆ ಅವನು!" ಅಂತ ಕೋಚ್ ಕೂಗಿದರು. ಎದುರಾಳಿಯ ಬುಟ್ಟಿ ಕೆಳಗಿನ ಪೇಂಟಲ್ಲಿ, ಬಾಲ್ ತನ್ನ ಟೀಮಿನ ಕೈಲಿರುವಾಗ, ಆಟಗಾರ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಬಾಲ್ ಹೊರಗೆ ಹೋದಾಗ ಹತ್ತಿರ ಹೋದೆ. "ಗೊನೆ ಬಿಡೋದ್ರೊಳಗೆ ಕೀಳ್ತೀನಿ ಸಾರ್" ಅಂದೆ. ಕೋಚ್ ತೋಟದವರು, ನಗು ತಡೆಯಲಾಗದೆ ತಿರುಗಿ ನಿಂತರು. ಎರಡು ನಿಮಿಷದಲ್ಲಿ ಅದೇ ಹುಡುಗ ಮತ್ತೆ ಅಲ್ಲೇ ನಿಂತ, ಊದಿದೆ. "ಕಿತ್ರಲ್ಲ ಸಾರ್!" ಅಂದರು. ಊದದೆ ಇದ್ದಿದ್ದರೆ ನನ್ನ ಮಾತು ಬರೀ ಬಾಯಿಮಾತಾಗುತ್ತಿತ್ತು. ಬೇರೆಯವರು ಸೋಲುವುದು ಇಲ್ಲೇ.

ನಡುವೆ ಒಂದು ಪ್ರಯೋಗ ಮಾಡಿದೆ. ಟಿಪ್ ಆಫ್‌ಗೆ, ಅಂದರೆ ಆಟ ಶುರುವಾಗುವುದಕ್ಕೆ, ಮೊದಲು ಇಬ್ಬರು ಕೋಚ್‌ಗಳಿಗೂ ಪೆಪ್ಪರಮೆಂಟು ಕೊಡುವುದು. ಹತ್ತು ರೂಪಾಯಿ ಖರ್ಚು, ವಾತಾವರಣ ತಣ್ಣಗೆ. ಒಂದು ಸಲ ಒಬ್ಬರಿಗೆ ಕೊಟ್ಟಿದ್ದನ್ನಷ್ಟೇ ನೋಡಿದ ಪೋಷಕರು "ಆ ಟೀಮಿನ ಕಡೆಯವನು" ಅಂದರು. ಬಿಟ್ಟೆ. ಸೀಟಿಯದೂ ಒಂದು ಪಾಠ. ನಮ್ಮ ಮಳೆಗೆ ಒಳಗೆ ಕಾಳಿರುವ ಸೀಟಿ ಕೈಕೊಡುತ್ತದೆ ಅಂತ ಕಾಳಿಲ್ಲದ ಫಾಕ್ಸ್ 40 ಸೀಟಿ ತಗೊಂಡೆ. ಕಾಳು ಸಿಕ್ಕಿಕೊಂಡು ಬೇಸತ್ತ ಕೆನಡಾದ ಬ್ಯಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ಮಾಡಿಸಿದ್ದು ಅದು. ಆದರೆ ಬೆಂಚಿನ ಪಕ್ಕ ಅದನ್ನು ಉದ್ದಕ್ಕೆ ಊದಿದರೆ ಕೋಚ್ ದನಿಯೂ ಏರುತ್ತದೆ. ಅಲ್ಲಿ ಚಿಕ್ಕದಾಗಿ ಊದುತ್ತೇನೆ.

ಹುಡುಗ ಬಿದ್ದು ಪೆಟ್ಟಾದಾಗ ತಮಾಷೆ ಬೇಡವೇ ಬೇಡ. ಬೈಗುಳ ಬಂದರೆ ನೇರ ಟೆಕ್ನಿಕಲ್. ತಪ್ಪು ನನ್ನದೇ ಆಗಿದ್ದರೆ "ತಪ್ಪಿತು ಸಾರ್" ಅಂತ ಒಂದೇ ಮಾತು. ಸ್ಕೋರ್‌ಶೀಟಿಗೆ ಸಹಿ ಹಾಕಿಸುವಾಗ ಕೋಚ್‌ಗೆ ಒಂದು ಪ್ರಶ್ನೆ ಕೇಳುತ್ತೇನೆ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಅದು ಏನು ಅಂತ ಇಲ್ಲಿ ಬರೆಯಲ್ಲ.

ಭದ್ರಾವತಿಗೆ ಹೋದ ವರ್ಷ ಮತ್ತೆ ಕರೆ ಬಂತು, ದಿನಕ್ಕೆ 800. ಕರೆಸಿ ಅಂತ ಹೇಳಿದ್ದು ಟವೆಲ್ ಎಸೆದ ಅದೇ ಕೋಚ್.