ಸರಪಳಿ ಹಿಡಿಯುವ ಮುನ್ನ ಇಟ್ಟ ಲೆಕ್ಕ

ಸಿವಿಲ್ ಡಿಪ್ಲೊಮಾ ಮುಗಿಸಿದ ಮೇಲೆ ನಾಲ್ಕು ವರ್ಷ ನಾನು ಕಟ್ಟಡ ಸಾಮಗ್ರಿಯ ಕಂಪನಿಯೊಂದರಲ್ಲಿ ಮಾರಾಟದ ಕೆಲಸದಲ್ಲಿದ್ದೆ. ಸಂಬಳಕ್ಕೆ ತೊಂದರೆ ಇರಲಿಲ್ಲ. ಆದರೆ ತಿಂಗಳ ಕೊನೆಯ ವಾರದಲ್ಲಿ ಅಂಗಡಿಯವರನ್ನು ಕಾಡಿ ಬೇಡಿ ಸರಕು ಇಳಿಸುವುದು ನನ್ನಿಂದ ಆಗುತ್ತಿರಲಿಲ್ಲ. ಅವರು ‘ಈ ತಿಂಗಳು ಬೇಡ’ ಎಂದರೆ ನಾನು ‘ಆಯಿತು’ ಎಂದು ಎದ್ದು ಬರುತ್ತಿದ್ದೆ.

ಕೆಲಸ ಬಿಡುವ ಮುನ್ನ ಮೂರು ತಿಂಗಳು ಪ್ರತಿ ರಾತ್ರಿ ಡೈರಿಯಲ್ಲಿ ಎರಡೇ ಸಾಲು ಬರೆದೆ: ಆ ದಿನ ಯಾವ ಕೆಲಸದಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ, ಯಾವ ಕೆಲಸವನ್ನು ನಾಳೆಗೆ ತಳ್ಳಿದೆ. ‘ಇಷ್ಟ’ ಎಂಬ ಪದವನ್ನು ಬೇಕೆಂದೇ ದೂರವಿಟ್ಟೆ, ಏಕೆಂದರೆ ನನ್ನ ಇಷ್ಟಗಳಲ್ಲಿ ಅರ್ಧ ಬೇರೆಯವರ ಬದುಕನ್ನು ನೋಡಿ ಹುಟ್ಟಿದ ಆಸೆಗಳಾಗಿದ್ದವು. ಮೊದಲ ಸಾಲಿನಲ್ಲಿ ದಾಸ್ತಾನಿನ ಲೆಕ್ಕ ತಾಳೆ ನೋಡಿದ್ದು, ಯಾರೂ ಕೇಳದಿದ್ದರೂ ಗೋದಾಮಿನ ನಕ್ಷೆ ಬರೆದದ್ದು ಮತ್ತೆ ಮತ್ತೆ ಬಂದವು. ನನ್ನನ್ನು ಚಿಕ್ಕಂದಿನಿಂದ ಕಂಡ ಸೋದರಮಾವನನ್ನೂ ಕೇಳಿದೆ. ‘ಲೆಕ್ಕ ಎಷ್ಟೋ ಜನರಿಗೆ ಬರುತ್ತೆ ಕಣೋ, ಮನೇಲಿ ಜಗಳ ಆದಾಗ ಬಾಯಿ ಬಿಡದೆ ಕೂತಿರ್ತೀಯಲ್ಲ, ಅದು ಎಲ್ಲರಿಗೂ ಬರಲ್ಲ’ ಎಂದರು. ಅದನ್ನು ನಾನು ಗುಣವೆಂದು ಎಣಿಸಿರಲೇ ಇಲ್ಲ. ಡೈರಿಯ ಅಂಚಿನಲ್ಲಿ ಗೀಚಿಟ್ಟು ಮರೆತೆ.

ಲೆಕ್ಕ, ನಕ್ಷೆ, ಓಡಾಟ ಮೂರೂ ಇರುವ ಕೆಲಸ ಯಾವುದೆಂದು ಹುಡುಕಿದಾಗ ಸಿಕ್ಕಿದ್ದು ಪರವಾನಗಿ ಪಡೆದ ಭೂಮಾಪಕರ ವೃತ್ತಿ. ಅರ್ಜಿ ಹಾಕುವ ಮುನ್ನ ನಾಲ್ಕು ದಿನ ರಜೆ ಹಾಕಿ, ಪರಿಚಯದ ಸರ್ವೇಯರ್ ಒಬ್ಬರ ಹಿಂದೆ ಟೇಪು ಹಿಡಿದು ತಿರುಗಿದೆ. ಬಿಸಿಲು, ಮುಳ್ಳುಬೇಲಿ, ಮಧ್ಯಾಹ್ನ ಮೂರಕ್ಕೆ ಊಟ. ಆದರೂ ಮರುದಿನ ಬೆಳಗ್ಗೆ ಅಲಾರಾಂ ಬಡಿಯುವ ಮುನ್ನವೇ ಎದ್ದಿದ್ದೆ. ಪರೀಕ್ಷೆ, ತರಬೇತಿಗಳ ವಿವರ ಇಲ್ಲಿ ಬೇಡ.

ಮಾವನ ಮಾತಿನ ಬೆಲೆ ತಿಳಿದದ್ದು ಅಣ್ಣತಮ್ಮಂದಿರ ಜಮೀನಿನ ವಿಭಾಗಕ್ಕೆ 11ಇ ನಕ್ಷೆ, ಅಂದರೆ ಪಾಲಾಗುವ ಭಾಗವನ್ನು ನೋಂದಣಿಗೆ ಮುನ್ನ ಅಳೆದು ತೋರಿಸುವ ನಕ್ಷೆ, ಮಾಡಲು ಹೋದ ದಿನ. ಹಳೆಯ ಟಿಪ್ಪಣಿಯಲ್ಲಿ, ಅಂದರೆ ಹಿಂದಿನ ಸರ್ವೆಯ ಅಳತೆ ದಾಖಲೆಯಲ್ಲಿ, ಅಳತೆಗಳೆಲ್ಲ ಸರಪಳಿ ಮತ್ತು ಆಣೆಗಳಲ್ಲಿದ್ದವು. ಸರಪಳಿ ಎಂದರೆ 33 ಅಡಿ, ಅದರಲ್ಲಿ 16 ಆಣೆ. ಉದ್ದಗಲ ಒಂದೊಂದು ಸರಪಳಿ ಇದ್ದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಇಷ್ಟನ್ನು ಅಡಿಗೆ ಇಳಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಆದರೆ ಅಣ್ಣ ಬೇವಿನ ಮರವೇ ಗಡಿ ಎನ್ನುತ್ತಾನೆ, ತಮ್ಮ ಆ ಮರ ತಾನು ಹುಟ್ಟಿದ ಮೇಲೆ ನೆಟ್ಟದ್ದು ಎನ್ನುತ್ತಾನೆ, ಇಬ್ಬರ ಹೆಂಡತಿಯರೂ ಬದುವಿನ ಮೇಲೆ ನಿಂತಿದ್ದಾರೆ. ಆಗ ಟೇಪು ಎಳೆದಿದ್ದರೆ ನಾನು ಯಾರೋ ಒಬ್ಬರ ಕಡೆಯವನಾಗುತ್ತಿದ್ದೆ. ಮುಕ್ಕಾಲು ಗಂಟೆ ಗಡಿ ಗುರುತಿನ ಬಾಂದು ಕಲ್ಲಿನ ಪಕ್ಕ ಸುಮ್ಮನೆ ಕೂತೆ. ಮಾತು ಮುಗಿದ ಮೇಲೆ ಟೇಪಿನ ಒಂದು ತುದಿಯನ್ನು ಅಣ್ಣನ ಕೈಗೂ ಇನ್ನೊಂದನ್ನು ತಮ್ಮನ ಕೈಗೂ ಕೊಟ್ಟು, ಅಂಕಿಯನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿದೆ. ಸಂಜೆಗೆ ಇಬ್ಬರೂ ಸಹಿ ಹಾಕಿದರು.

ತಿಂಗಳ ಸಂಬಳವಿಲ್ಲ, ಮುಗಿಸಿದ ಫೈಲುಗಳ ಲೆಕ್ಕದಲ್ಲಿ ಹಣ ಬರುವ ಕೆಲಸವಿದು. ಪೈರು ನಿಂತ ತಿಂಗಳುಗಳಲ್ಲಿ ಅಳತೆ ಕಡಿಮೆಯಾಗಿ ಕೈ ಬಿಗಿಯಾಗುತ್ತದೆ, ಅದಕ್ಕೆ ಆರು ತಿಂಗಳ ಖರ್ಚನ್ನು ಕೂಡಿಟ್ಟೇ ಹಳೆಯ ಕೆಲಸ ಬಿಟ್ಟಿದ್ದೆ. ಡೈರಿ ಇನ್ನೂ ಬರೆಯುತ್ತೇನೆ. ನಾಳೆಗೆ ತಳ್ಳಿದ ಕೆಲಸದ ಸಾಲಿನಲ್ಲಿ ಈಗ ಇರುವುದು ಒಂದೇ: ಬಾಕಿ ಹಣ ಕೇಳುವುದು.