ಬರ್ಗನ್‌ನಲ್ಲಿ ಮಾರ್ಚ್: ಮಳೆ ನಿಲ್ಲಲಿ ಅಂತ ಕಾಯದೆ ಊರು ನೋಡಿದ್ದು

ನಾರ್ವೆಯ ಬರ್ಗನ್‌ಗೆ ಹೋಗ್ತೀವಿ ಅಂದರೆ ಎಲ್ಲರೂ ಕೇಳುವುದು ಒಂದೇ: ಮಳೆ ಬಂದರೆ ಏನು ಮಾಡ್ತೀರಿ? ಮಳೆ ಬಂದೇ ಬರುತ್ತದೆ. ಪಶ್ಚಿಮ ಕರಾವಳಿಯ ಈ ಬಂದರಿನಲ್ಲಿ ವರ್ಷಕ್ಕೆ 2,200 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಹಾಗಾಗಿ ನಾನು ಮತ್ತು ಅಮ್ಮ ಮಾರ್ಚ್ ಕೊನೆಯಲ್ಲಿ ಹೊರಟಾಗ ಬಿಸಿಲನ್ನು ನಂಬಿ ಯಾವ ಪ್ಲ್ಯಾನನ್ನೂ ಹಾಕಿಕೊಳ್ಳಲಿಲ್ಲ. ಮಳೆ ಇದೆ ಅಂತಲೇ ಇಡೀ ಪ್ರವಾಸ ಹೊಂದಿಸಿಕೊಂಡೆವು. ಹೇಗೆ ಮಾಡಿದೆವು ಅಂತ ಬರೆಯುತ್ತಿದ್ದೇನೆ, ಹೋಗುವವರಿಗೆ ಉಪಯೋಗ ಆಗಲಿ.

ನಾವು ಸಾಗರದ ಕಡೆಯವರು, ಮಳೆ ನಮಗೆ ಹೊಸದಲ್ಲ. ಆಗುಂಬೆಯಲ್ಲಿ ಬರ್ಗನ್‌ನ ಮೂರು ಪಟ್ಟು ಸುರಿಯುತ್ತದೆ. ಆದರೆ ನಮ್ಮಲ್ಲಿ ಅದು ಮಳೆಗಾಲದಲ್ಲಿ ಬಂದು ಮುಗಿಯುತ್ತದೆ, ಅಲ್ಲಿ ಯಾವ ತಿಂಗಳಿಗೂ ಬಿಡುವಿಲ್ಲ. 2006ರ ಅಕ್ಟೋಬರ್ ಕೊನೆಗೆ ಹಿಡಿದ ಮಳೆ ಮುಂದಿನ ಜನವರಿವರೆಗೆ ಸತತ 85 ದಿನ ಒಂದು ದಿನವೂ ತಪ್ಪದೆ ಬಂದಿತ್ತಂತೆ. ಕಾರಣ ನಮಗೆ ಪರಿಚಯದ್ದೇ. ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರಿ ನೀರು ಸುರಿಯುತ್ತದಲ್ವಾ, ಅಲ್ಲಿ ಅಟ್ಲಾಂಟಿಕ್‌ನ ಒದ್ದೆ ಗಾಳಿ ಊರಿನ ಸುತ್ತಲಿನ ಬೆಟ್ಟಗಳಿಗೆ ಬಡಿಯುತ್ತದೆ. ಏಳು ಬೆಟ್ಟಗಳ ಊರು ಅಂತಲೇ ಬರ್ಗನ್‌ಗೆ ಹೆಸರು. ಜಾಸ್ತಿ ಮಳೆ ಸೆಪ್ಟೆಂಬರ್‌ನಿಂದ ಜನವರಿವರೆಗೆ. ಏಪ್ರಿಲ್, ಮೇ, ಜೂನ್‌ನಲ್ಲಿ ಕಡಿಮೆ. ಮಾರ್ಚ್ ಕೊನೆ ಅಂದರೆ ಮಳೆ ಇಳಿಮುಖ ಆಗುವ ಹೊತ್ತು.

ನಮಗೆ ಹೊಸದಾಗಿದ್ದದ್ದು ಚಳಿ. ಹಗಲು ಐದಾರು ಡಿಗ್ರಿ, ರಾತ್ರಿ ಸೊನ್ನೆಯ ಹತ್ತಿರ, ಜೊತೆಗೆ ಸಮುದ್ರದ ಗಾಳಿ. ಚಿಕ್ಕಮ್ಮನ ಮಗಳು ಅಲ್ಲೇ ಕೆಲಸದಲ್ಲಿದ್ದಾಳೆ. ಹೊರಡುವ ಮುಂಚೆ ಫೋನಿನಲ್ಲಿ ಹೇಳಿದಳು: "ಅಕ್ಕಾ, ಕೊಡೆ ತರ್ಬೇಡ, ಗಾಳಿಗೆ ಮಗುಚಿ ಹೋಗ್ತದೆ. ಆ ದುಡ್ಡಲ್ಲಿ ದೊಡ್ಡಮ್ಮಂಗೆ ಉಣ್ಣೆ ಬನಿಯನ್ ತಗೊ. ಹತ್ತಿ ಬಟ್ಟೆ ಮೈಗೆ ತಾಗೋ ಹಾಗೆ ಹಾಕ್ಬೇಡಿ."

ಅಮ್ಮನಿಗೆ ಈ ಮಾತು ತಕ್ಷಣ ಅರ್ಥವಾಯಿತು. ಅಜ್ಜ ಗದ್ದೆ ಕೆಲಸಕ್ಕೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದುದನ್ನು ಅವಳು ನೋಡಿದ್ದಾಳೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ. ಹತ್ತಿ ಒದ್ದೆಯಾದರೆ ಮೈಗೆ ಅಂಟಿ ಇರುವ ಬಿಸಿಯನ್ನೂ ಎಳೆದುಬಿಡುತ್ತದೆ. ಹಾಗಾಗಿ ಇಬ್ಬರಿಗೂ ಒಳಗೆ ತೆಳ್ಳನೆಯ ಮೆರಿನೊ ಉಣ್ಣೆಯ ಬನಿಯನ್ ಮತ್ತು ಲೆಗ್ಗಿಂಗ್ಸ್, ಅದರ ಮೇಲೆ ಸ್ವೆಟರ್, ಎಲ್ಲಕ್ಕಿಂತ ಮೇಲೆ ಟೋಪಿ ಇರುವ ರೇನ್ ಜಾಕೆಟ್ ಮತ್ತು ರೇನ್ ಪ್ಯಾಂಟ್. ರೇನ್ ಪ್ಯಾಂಟನ್ನು ಜನ ಬಿಟ್ಟುಬಿಡುತ್ತಾರೆ, ಬಿಡಬೇಡಿ. ಅಲ್ಲಿ ಮಳೆ ಅಡ್ಡಡ್ಡ ಬೀಸುತ್ತದೆ, ಮೊದಲು ನೆನೆಯುವುದು ತೊಡೆ. ಜೀನ್ಸ್ ಒಮ್ಮೆ ನೆನೆದರೆ ದಿನವಿಡೀ ಒಣಗುವುದಿಲ್ಲ. ಶೂ ನೀರು ಇಳಿಯದ್ದು ಆಗಬೇಕು, ಅಡಿಯಲ್ಲಿ ಗಟ್ಟಿ ಹಿಡಿತವೂ ಬೇಕು. ಅಲ್ಲಿನ ಹಳೆಯ ಬೀದಿಗಳು ಉರುಟು ಕಲ್ಲಿನವು, ಮಳೆಯಲ್ಲಿ ಜಾರುತ್ತವೆ.

ಎರಡನೆಯದು, ದಿನಕ್ಕೆ ಇಂತಿಂಥ ಜಾಗ ಅಂತ ಪಟ್ಟಿ ಮಾಡುವುದನ್ನು ಬಿಟ್ಟೆವು. ನಾರ್ವೆಯ ಹವಾಮಾನ ಇಲಾಖೆ ಮತ್ತು ಅಲ್ಲಿನ ಸರ್ಕಾರಿ ಪ್ರಸಾರ ಸಂಸ್ಥೆ ಸೇರಿ ನಡೆಸುವ 'ಯರ್' ಅನ್ನುವ ಆ್ಯಪ್ ಇದೆ. ಅದರಲ್ಲಿ ಮೋಡದ ಚಿತ್ರ ನೋಡಿ ಪ್ರಯೋಜನ ಇಲ್ಲ, ದಿನವಿಡೀ ಮೋಡವೇ ಇರುತ್ತದೆ. ಗಂಟೆ ಗಂಟೆಯ ಮಿಲಿಮೀಟರ್ ನೋಡಬೇಕು. ಅರ್ಧ ಮಿಲಿಮೀಟರ್ ಒಳಗಿದ್ದರೆ ಆರಾಮಾಗಿ ನಡೆಯುತ್ತಿದ್ದೆವು. ಎರಡು ದಾಟಿದರೆ ಮ್ಯೂಸಿಯಂ. ಸೊನ್ನೆ ಕಂಡರೆ ಎಲ್ಲ ಬಿಟ್ಟು ಬೆಟ್ಟ. ಬೆಳಗ್ಗೆ ಕಾಫಿ ಕುಡಿಯುತ್ತಾ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡಿ ಮುಂದಿನ ಮೂರ್ನಾಲ್ಕು ಗಂಟೆಗೆ ಮಾತ್ರ ತೀರ್ಮಾನ ಮಾಡುತ್ತಿದ್ದೆವು. ಇಷ್ಟು ನಿಖರವಾಗಿ ಮಳೆ ಹೇಳುವ ವಿದ್ಯೆಗೆ ಈ ಊರಿನದೇ ದೊಡ್ಡ ಕಾಣಿಕೆ ಇದೆ ಅನ್ನೋದು ನನಗೆ ತುಂಬ ಖುಷಿ ಕೊಟ್ಟ ವಿಷಯ. ವಿಲ್ಹೆಲ್ಮ್ ಬ್ಯರ್ಕ್ನೆಸ್ ಅನ್ನುವ ವಿಜ್ಞಾನಿ 1917ರಲ್ಲಿ ಬರ್ಗನ್‌ಗೆ ಬಂದರು. ಬಿಸಿ ಗಾಳಿಯ ರಾಶಿ ಮತ್ತು ತಣ್ಣನೆಯ ಗಾಳಿಯ ರಾಶಿ ಎದುರುಬದುರಾಗುವ ಗಡಿಯಲ್ಲಿ ಮಳೆ ಹುಟ್ಟುತ್ತದೆ ಅಂತ ಅವರು, ಅವರ ಮಗ ಯಾಕೊಬ್ ಮತ್ತು ಜೊತೆಗಾರರು ಅಲ್ಲಿ ಕೂತು ಬಿಡಿಸಿ ತೋರಿಸಿದರು. ಹವಾಮಾನ ಸುದ್ದಿಯಲ್ಲಿ ಬರುವ 'ಫ್ರಂಟ್' ಅನ್ನುವ ಮಾತು ಅವರದೇ.

ಇನ್ನು ಬ್ರಿಗ್ಗನ್. ಬಂದರಿನ ಒಂದು ದಂಡೆಗೆ ಸಾಲಾಗಿ ನಿಂತ ಕೆಂಪು, ಹಳದಿ, ಬಿಳಿ ಮರದ ಮನೆಗಳು. 1979ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಹೆಚ್ಚಿನವರು ಎದುರಿಗೆ ನಿಂತು ಫೋಟೊ ತೆಗೆದು ಹೋಗುತ್ತಾರೆ. ದಯವಿಟ್ಟು ಒಳಗೆ ಹೋಗಿ, ಅದೂ ಮಳೆಯಲ್ಲೇ ಹೋಗಿ. ಎರಡು ಮನೆಗಳ ನಡುವೆ ಇಕ್ಕಟ್ಟಾದ ಓಣಿ, ಕಾಲಡಿಗೆ ಹಲಗೆ. ಮೇಲಿನ ಅಂತಸ್ತಿನ ಜಗಲಿಗಳು ಓಣಿಯ ಮೇಲೆ ಚಾಚಿಕೊಂಡಿವೆ. ಅದರಡಿಗೆ ನಿಂತರೆ ಮಳೆ ತಾಗುವುದಿಲ್ಲ. ಸರಕು ಮೇಲೆತ್ತುವ ರಾಟೆಗಳು ಇನ್ನೂ ಮಾಡಿನಂಚಿಗೆ ಇವೆ. ಗೋಡೆಗಳು ಒಂದು ಆ ಕಡೆಗೆ, ಒಂದು ಈ ಕಡೆಗೆ ವಾಲಿವೆ. ಅಮ್ಮ ಒಂದು ಕಂಬದ ಹತ್ತಿರ ತುಂಬ ಹೊತ್ತು ನಿಂತಳು. ಕೆಳಭಾಗ ಕೊಳೆತಿದ್ದನ್ನು ಅಷ್ಟೇ ಕತ್ತರಿಸಿ ತೆಗೆದು, ಹೊಸ ಮರದ ತುಂಡನ್ನು ಹಳೆಯದಕ್ಕೆ ಕಚ್ಚು ಕೊಟ್ಟು ಕೂಡಿಸಿದ್ದರು. ಹೊಸದು ಬೆಳ್ಳಗೆ, ಹಳೆಯದು ಕಪ್ಪಗೆ. "ನಮ್ಮ ಆಚಾರ್ರು ಮಾಡೋ ಕೆಲ್ಸನೇ ಇದು" ಅಂದಳು.

ಹಾನ್ಸಾ ಅನ್ನುವ ಕೂಟದ ಜರ್ಮನ್ ವ್ಯಾಪಾರಿಗಳು 1360ರ ಸುಮಾರಿಗೆ ಇಲ್ಲಿ ಕಚೇರಿ ಹೂಡಿದರು. ಉತ್ತರದ ಲೋಫೋಟನ್ ಕಡೆಯಿಂದ ಗಾಳಿಗೆ ಒಣಗಿಸಿದ ಕಾಡ್ ಮೀನು ಬರುತ್ತಿತ್ತು, ಬದಲಿಗೆ ಧಾನ್ಯ ಹೋಗುತ್ತಿತ್ತು. ಎಲ್ಲ ಮರವೇ ಆದ್ದರಿಂದ ಬೆಂಕಿಯ ಭಯ. ಮನೆಗಳಲ್ಲಿ ಒಲೆ ಹಚ್ಚುವಂತಿರಲಿಲ್ಲ, ದೀಪಕ್ಕೂ ಕಟ್ಟುನಿಟ್ಟು. ಅಡುಗೆ, ಊಟ, ಚಳಿ ಕಾಯಿಸಿಕೊಳ್ಳುವುದು ಎಲ್ಲ ಹಿಂದೆ ಬೇರೆಯಾಗಿ ಕಟ್ಟಿದ ಸಭಾಮನೆಗಳಲ್ಲಿ. ಈ ಚಳಿಯಲ್ಲಿ ಒಲೆಯಿಲ್ಲದ ಕೋಣೆಯಲ್ಲಿ ಕೆಲಸ ಕಲಿಯಲು ಬಂದ ಹುಡುಗರು ಹೇಗೆ ಮಲಗುತ್ತಿದ್ದರೋ! ಇಷ್ಟು ಜೋಪಾನ ಮಾಡಿದರೂ 1702ರಲ್ಲಿ ಎಲ್ಲ ಸುಟ್ಟುಹೋಯಿತು, ಹಳೆಯ ಪಾಯದ ಮೇಲೇ ಮತ್ತೆ ಕಟ್ಟಿದರು. 1955ರಲ್ಲಿ ಇನ್ನೊಂದು ಭಾಗ ಸುಟ್ಟಿತು. ಉಳಿದಿರುವುದು 60ರ ಆಸುಪಾಸು ಕಟ್ಟಡ.

ನನ್ನ ಮನಸ್ಸು ಹಿಡಿದದ್ದು ನೆಲದಡಿಯ ಕಥೆ. ಈ ಮನೆಗಳ ಪಾಯವೂ ಮರದ್ದೇ, ಅದರ ಕೆಳಗೆ ಶತಮಾನಗಳ ಕಸ, ಮರದ ಚೂರು, ಮಣ್ಣಿನ ಪದರ. ಸದಾ ನೀರಿನಲ್ಲಿ ಮುಳುಗಿದ್ದರೆ ಮರ ಕೊಳೆಯುವುದಿಲ್ಲ, ಗಾಳಿ ತಾಗಿದರೆ ಕೊಳೆಯುತ್ತದೆ. ಕೆಲವು ದಶಕಗಳ ಹಿಂದೆ ಪಕ್ಕದಲ್ಲಿ ಹೊಸ ಕಟ್ಟಡಕ್ಕೆ ನೆಲ ಅಗೆದ ಮೇಲೆ ಅಂತರ್ಜಲ ಇಳಿದು, ಪದರ ಕುಗ್ಗಿ, ಮನೆಗಳು ತಗ್ಗತೊಡಗಿದವು. ಅದಕ್ಕೆ ಕಂಡುಕೊಂಡ ದಾರಿಗಳಲ್ಲಿ ಒಂದು, ಸುರಿಯುವ ಮಳೆನೀರನ್ನು ಚರಂಡಿಗೆ ಬಿಡದೆ ಅಲ್ಲೇ ಇಂಗಿಸುವುದು. ನಾವು ಬಾವಿಗೆ ನೀರು ಬರಲಿ ಅಂತ ಇಂಗುಗುಂಡಿ ತೋಡುತ್ತೇವೆ, ಇವರು ಮನೆ ನಿಲ್ಲಲಿ ಅಂತ ಇಂಗಿಸುತ್ತಾರೆ. ಇದನ್ನು ತಿಳಿದ ಮೇಲೆ ಅಲ್ಲಿನ ಮಳೆಯ ಬಗ್ಗೆ ಒಂದು ಗೊಣಗು ಕೂಡ ನನ್ನ ಬಾಯಿಗೆ ಬರಲಿಲ್ಲ.

ಮಳೆ ಜೋರಾದಾಗ ಪಕ್ಕದ ಬ್ರಿಗ್ಗನ್ಸ್ ಮ್ಯೂಸಿಯಂಗೆ ಹೋಗಿ. 1955ರ ಬೆಂಕಿಯ ನಂತರ ಅಗೆದಾಗ ರೂನ್ ಅನ್ನುವ ಅಲ್ಲಿನ ಹಳೆಯ ಲಿಪಿ ಕೊರೆದ ನೂರಾರು ಮರದ ಕಡ್ಡಿಗಳು ಸಿಕ್ಕವು. ರಾಜರ ಶಾಸನ ಅಲ್ಲ, ಸಾಮಾನ್ಯರ ಚೀಟಿಗಳು. ಒಂದರಲ್ಲಿ ಹೀಗಿದೆ: ಮನೆಗೆ ಬಾ ಅಂತ ಗ್ಯೂದಾ ಹೇಳುತ್ತಿದ್ದಾಳೆ. ಮಧ್ಯಯುಗದ ಒಬ್ಬ ಹೆಂಗಸು ಎಲ್ಲೋ ಕೂತು ಹೊತ್ತು ಮಾಡುತ್ತಿದ್ದವನಿಗೆ ಕಳಿಸಿದ ಮಾತು! ನೀರು ತುಂಬಿದ ಆ ಮಣ್ಣೇ ಅದನ್ನು ಕಾಪಾಡಿದ್ದು.

ಕೋಡೆ ಅನ್ನುವ ಕಲಾ ಮ್ಯೂಸಿಯಂ ಕೂಡ ಮಳೆ ಹೊತ್ತಿಗೆ ಒಳ್ಳೆಯದು, ಊರ ನಡುವಿನ ಕೆರೆಯ ಪಕ್ಕದಲ್ಲೇ ಇದೆ. ಎಲ್ಲರೂ ನಾರ್ವೆಯ ಹೆಸರಾಂತ ಚಿತ್ರಕಾರ ಮುಂಕ್ ಅವರ ಚಿತ್ರ ನೋಡಲು ಹೋಗುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ನಿಕೊಲಾಯ್ ಆಸ್ಟ್ರುಪ್, ಯೋಲ್ಸ್ಟರ್ ಅನ್ನುವ ಹಳ್ಳಿಯ ಗುಡ್ಡ, ಹೊಲ, ಒದ್ದೆ ಹಸಿರನ್ನೇ ಬರೆದವರು. 13ನೇ ಶತಮಾನದ ಹೋಕನ್ ದೊರೆಯ ಸಭಾಂಗಣವನ್ನು ಹೊರಗಿಂದ ನೋಡಿದೆವು, ಅಷ್ಟೇ. ಸಂಗೀತಗಾರ ಎಡ್ವರ್ಡ್ ಗ್ರಿಗ್ ಅವರ ಮನೆ ಊರ ಹೊರಗಿದೆ, ಟ್ರಾಮ್ ಇಳಿದು ಸ್ವಲ್ಪ ದೂರ ನಡೆಯಬೇಕು.

ಬೆಟ್ಟದ ಮಾತು. ಫ್ಲೋಯೆನ್‌ಗೆ ಹಗ್ಗದಿಂದ ಎಳೆಯುವ ರೈಲಿದೆ, 1918ರಿಂದ ಓಡುತ್ತಿದೆ, ಕೆಲವೇ ನಿಮಿಷದಲ್ಲಿ 320 ಮೀಟರ್ ಎತ್ತರ ಮುಟ್ಟಿಸುತ್ತದೆ. ಟಿಕೆಟ್ ತೆಗೆಯುವ ಮುಂಚೆ ತಲೆಯೆತ್ತಿ ನೋಡಿ. ತುದಿ ಮೋಡದಲ್ಲಿದ್ದರೆ ಮೇಲೆ ಹೋದರೂ ಬಿಳಿ ಗೋಡೆ ಮಾತ್ರ. ನಮ್ಮ ವಸತಿ ಹತ್ತಿರದಲ್ಲೇ ಇದ್ದದ್ದರಿಂದ, ಮೋಡ ಸರಿದದ್ದು ಕಂಡ ಕೂಡಲೇ ಶೂ ಏರಿಸಿ ಓಡಿದೆವು. ಮೇಲಿಂದ ಬಂದರು, ದ್ವೀಪಗಳು, ದೂರದಲ್ಲಿ ಮುಂದಿನ ಮಳೆ ಸಮುದ್ರದ ಮೇಲೆ ಬರುತ್ತಿರುವುದು ಎಲ್ಲ ಕಂಡಿತು. ಬರುವಾಗ ನಡೆದೇ ಇಳಿದೆವು, ಗಿಡಗಳ ಬುಡದಲ್ಲಿ ಬಿಳಿಯ ಸ್ನೋಡ್ರಾಪ್ ಹೂ ಎದ್ದಿತ್ತು. ಮೇಲೆ ನೆರಳಿರುವ ಕಡೆ ಮಂಜುಗಡ್ಡೆ ಉಳಿದಿರುತ್ತದೆ, ವಯಸ್ಸಾದವರಿದ್ದರೆ ಇಳಿಯುವಾಗಲೂ ರೈಲೇ ಇರಲಿ.

ಊಟಕ್ಕೆ: ನಾವು ಸಸ್ಯಾಹಾರಿಗಳು, ಬಂದರಿನ ಊರಿನಲ್ಲಿ ಮೀನೇ ಎಲ್ಲ. ಅಡುಗೆಮನೆ ಇರುವ ವಸತಿ ಹಿಡಿದೆವು. ಅಕ್ಕಿ, ಅವಲಕ್ಕಿ, ಚಟ್ನಿಪುಡಿ, ಸಾರಿನಪುಡಿ ಒಯ್ದೆವು. ತುಪ್ಪ ಒಯ್ಯಬೇಡಿ, ಭಾರತದಿಂದ ಹಾಲಿನ ಪದಾರ್ಥ, ಮಾಂಸ ತರಲು ನಾರ್ವೆ ಬಿಡುವುದಿಲ್ಲ. ಅಲ್ಲಿನ ಬೆಣ್ಣೆ ಕಾಯಿಸಿದರೆ ಒಳ್ಳೆ ತುಪ್ಪವಾಗುತ್ತದೆ. ನಲ್ಲಿ ನೀರು ಹಾಗೇ ಕುಡಿಯಬಹುದು. ಬೇಕರಿಯಲ್ಲಿ ಸಿಗುವ ದಾಲ್ಚಿನ್ನಿಯ ಸ್ಕಿಲ್ಲಿಂಗ್ಸ್‌ಬೊಲ್ಲೆ ಬನ್ ಬರ್ಗನ್ನಿನ ಹೆಮ್ಮೆ, ಮೊಟ್ಟೆ ಹಾಕಿದ್ದಾರಾ ಅಂತ ಕೇಳಿ ತಗೊಳ್ಳಿ. ಸ್ನಾನದ ಕೋಣೆಯ ನೆಲ ಬಿಸಿಯಾಗುವಂಥ ವಸತಿ ಸಿಕ್ಕರೆ ಬಿಡಬೇಡಿ, ಅಲ್ಲಿ ಅದು ಸಾಮಾನ್ಯ. ರಾತ್ರಿ ಶೂ, ಜಾಕೆಟ್ ಅಲ್ಲೇ ಹರಡಿದರೆ ಬೆಳಗ್ಗೆ ಒಣಗಿರುತ್ತದೆ.

ತಲುಪಲು ವಿಮಾನ ಇದೆ, ನಿಲ್ದಾಣದಿಂದ ಟ್ರಾಮ್ ನೇರ ಊರೊಳಗೆ ತರುತ್ತದೆ. ಆದರೆ ಓಸ್ಲೋದಿಂದ ರೈಲಿನಲ್ಲಿ ಬನ್ನಿ. 1909ರಲ್ಲಿ ತೆರೆದ ದಾರಿ, ಏಳು ಗಂಟೆ ಹತ್ತಿರ ಹಿಡಿಯುತ್ತದೆ. 1,222 ಮೀಟರ್ ಎತ್ತರದ ಫಿನ್ಸೆಯಲ್ಲಿ ಮಾರ್ಚ್‌ನಲ್ಲೂ ಎಲ್ಲಿ ನೋಡಿದರೂ ಹಿಮ. ಇಳಿಯುತ್ತಾ ಬಂದ ಹಾಗೆ ಹಿಮ ಮಳೆಯಾಗುತ್ತದೆ.

ವೀಸಾ ಷೆಂಗೆನ್. ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, 30,000 ಯೂರೊ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ತಾರೀಕು ಆರಿಸುವಾಗ ಈಸ್ಟರ್ ಯಾವಾಗ ಅಂತ ನೋಡಿಕೊಳ್ಳಿ. ಆ ವಾರದಲ್ಲಿ ಗುರುವಾರ, ಶುಕ್ರವಾರ, ಭಾನುವಾರ, ಸೋಮವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಊರಿನವರೆಲ್ಲ ಬೆಟ್ಟದ ಮನೆಗಳಿಗೆ ಹೋಗಿರುತ್ತಾರೆ. ಬೇಸಿಗೆಗೆ ಕಾದರೆ ಮಳೆ ಸ್ವಲ್ಪ ಕಡಿಮೆ, ಆದರೆ ದೊಡ್ಡ ಪ್ರವಾಸಿ ಹಡಗುಗಳು ಬಂದು ಬ್ರಿಗ್ಗನ್ನಿನ ಆ ಇಕ್ಕಟ್ಟು ಓಣಿಯಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಮಾರ್ಚ್ ಕೊನೆಯಲ್ಲಿ ಹಗಲು ದಿನಕ್ಕೆ ಐದು ನಿಮಿಷಕ್ಕೂ ಜಾಸ್ತಿ ಬೆಳೆಯುತ್ತದೆ, ಓಣಿ ಖಾಲಿ. ಚಿಕ್ಕಮ್ಮನ ಮಗಳು ಮೇನಲ್ಲಿ ಬನ್ನಿ ಅಂತ ಅಮ್ಮನನ್ನು ಕರೆದಿದ್ದಾಳೆ. ಅಮ್ಮ ಮಾರ್ಚ್‌ನಲ್ಲೇ ಬರ್ತೀನಿ ಅಂದಿದ್ದಾಳೆ.